ಪುಟ ಕದಲದೆ ಉತ್ತರ ತರಿಸುವುದು: ಜೆಕ್ವೆರಿಯಲ್ಲಿ ಏಜಾಕ್ಸ್ ಪಾಠ



ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ ಎರಡಕ್ಷರ ಟೈಪ್ ಮಾಡುವಷ್ಟರಲ್ಲಿ ಕೆಳಗೆ ಸಲಹೆಗಳ ಸಾಲು ಬಂದು ನಿಲ್ಲುತ್ತದೆ. ನಕ್ಷೆಯನ್ನು ಪಕ್ಕಕ್ಕೆ ಎಳೆದರೆ ಹೊಸ ಊರುಗಳು ಕಾಣಿಸಿಕೊಳ್ಳುತ್ತವೆ. ಹೊಸ ಇ-ಮೇಲ್ ಬಂದರೆ ತಾನಾಗಿಯೇ ಪಟ್ಟಿಯ ಮೇಲೆ ಕೂರುತ್ತದೆ. ಈ ಯಾವ ಸಂದರ್ಭದಲ್ಲೂ ಪರದೆ ಬೆಳ್ಳಗಾಗುವುದಿಲ್ಲ, ಪುಟ ಮೊದಲಿನಿಂದ ತೆರೆದುಕೊಳ್ಳುವುದೂ ಇಲ್ಲ. ಹಾಗಾದರೆ ಹೊಸ ಮಾಹಿತಿ ಬಂದದ್ದು ಯಾವ ದಾರಿಯಲ್ಲಿ? ಆ ದಾರಿಯ ಹೆಸರೇ ಏಜಾಕ್ಸ್. ಅದನ್ನು ಸುಲಭಗೊಳಿಸಿದ ಸಾಧನ ಜೆಕ್ವೆರಿ.

ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ಕೇಳಿದ್ದಕ್ಕೆ ಉತ್ತರವೇ ಬಾರದಿದ್ದರೆ ಪುಟ ಏನು ಮಾಡಬೇಕು? ಈ ಪ್ರಶ್ನೆಯನ್ನು ಬಿಟ್ಟು ಬರೆದ ಪುಟಗಳಿಂದಲೇ ಒಂದೇ ಶುಲ್ಕ ಎರಡು ಸಲ ಕಡಿತವಾಗುತ್ತದೆ, "ಸಲ್ಲಿಸಲಾಗಿದೆ" ಎಂದ ಮನೆಪಾಠ ಶಿಕ್ಷಕರಿಗೆ ತಲುಪದೇ ಹೋಗುತ್ತದೆ. ಆದ್ದರಿಂದ ಕೋರಿಕೆ ಕಳಿಸುವುದನ್ನು ಮಾತ್ರವಲ್ಲ, ಉತ್ತರಕ್ಕೆ ಸಿದ್ಧರಾಗಿರುವುದನ್ನೂ ಈ ಪಾಠದಲ್ಲಿ ಕಲಿಯೋಣ. ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್ ಸ್ವಲ್ಪ ಗೊತ್ತಿರುವ ಪ್ರೌಢಶಾಲಾ ಮಕ್ಕಳಿಗೆ ಇದು ಅರ್ಥವಾಗುತ್ತದೆ. ಪೋಷಕರು ಬೇಕಾದರೆ ಆರನೆಯ ಭಾಗವನ್ನು ಮೊದಲು ಓದಬಹುದು.

1. ಹಳೆಯ ಪದ್ಧತಿ

ನಾವು ಬಳಸುವ ಬ್ರೌಸರ್ ಮತ್ತು ದೂರದಲ್ಲಿರುವ ಸರ್ವರ್ ಎಂಬ ಕಂಪ್ಯೂಟರ್ ಎಚ್‌ಟಿಟಿಪಿ ಎಂಬ ನಿಯಮದಂತೆ ಮಾತಾಡುತ್ತವೆ. ಬ್ರೌಸರ್ ಕೋರಿಕೆ ಕಳಿಸುತ್ತದೆ, ಸರ್ವರ್ ಉತ್ತರ ಕೊಡುತ್ತದೆ. ಉತ್ತರದ ತಲೆಯಲ್ಲಿ ಮೂರಂಕಿಯ ಒಂದು ಸಂಕೇತ ಇರುತ್ತದೆ. 200 ಎಂದರೆ ಸರಿಯಾಗಿದೆ, 404 ಎಂದರೆ ಕೇಳಿದ್ದು ಸಿಗಲಿಲ್ಲ, 500 ಎಂದರೆ ಸರ್ವರ್‌ನಲ್ಲೇ ತೊಂದರೆ.

ಮೊದಲಿನ ವೆಬ್ ಪುಟಗಳಲ್ಲಿ ಒಂದು ಸಣ್ಣ ಬದಲಾವಣೆಗೂ ಪೂರ್ತಿ ಪುಟ ಹೊಸದಾಗಿ ಬರಬೇಕಿತ್ತು. ಒಂದು ಪದದ ಅರ್ಥ ಬೇಕೆಂದರೆ ಗುಂಡಿ ಒತ್ತಿ, ಪುಟ ಮಾಯವಾಗಿ, ತಲೆಬರಹ, ಚಿತ್ರ, ಪಟ್ಟಿ ಎಲ್ಲವೂ ಮತ್ತೆ ಜೋಡಣೆಯಾಗಿ ಕೊನೆಗೆ ಆ ಒಂದು ಸಾಲು ಕಾಣುತ್ತಿತ್ತು. ಅಲ್ಲಿಯವರೆಗೆ ಬಳಕೆದಾರರು ಕೈಕಟ್ಟಿ ಕೂರಬೇಕಿತ್ತು.

2. ಟ್ರಂಕ್ ಕರೆ ಮತ್ತು ಏರ್‌ಮೇಲ್ ಪತ್ರ

ಮೊಬೈಲ್ ಇಲ್ಲದ ದಿನಗಳಲ್ಲಿ ಕೊಲ್ಲಿ ನಾಡಿಗೆ ದುಡಿಯಲು ಬಂದ ನಮ್ಮ ಹಿರಿಯರಿಗೆ ಊರಿನೊಡನೆ ಮಾತಾಡಲು ಎರಡು ದಾರಿಗಳಿದ್ದವು. ಒಂದು ದೂರವಾಣಿ ಕರೆ. ಕರೆ ಮುಗಿಯುವವರೆಗೂ ರಿಸೀವರ್ ಹಿಡಿದು ನಿಲ್ಲಬೇಕು, ಬೇರೆ ಕೆಲಸ ಸಾಧ್ಯವಿಲ್ಲ. ಇನ್ನೊಂದು ಏರ್‌ಮೇಲ್ ಪತ್ರ. ಪತ್ರವನ್ನು ಅಂಚೆಗೆ ಹಾಕಿದ ಮೇಲೆ ಯಾರೂ ಅಂಚೆಪೆಟ್ಟಿಗೆಯ ಮುಂದೆ ಕಾದು ನಿಲ್ಲುವುದಿಲ್ಲ. ಕೆಲಸಕ್ಕೆ ಹೋಗುತ್ತಾರೆ, ಊಟ ಮಾಡುತ್ತಾರೆ, ಮತ್ತೊಬ್ಬರಿಗೆ ಇನ್ನೊಂದು ಪತ್ರ ಬರೆಯುತ್ತಾರೆ. ಉತ್ತರ ಬಂದ ದಿನ ಅದನ್ನು ಓದಿ ಮಾಡಬೇಕಾದ್ದನ್ನು ಮಾಡುತ್ತಾರೆ.

ಮೊದಲನೆಯದು ಸಿಂಕ್ರೊನಸ್, ಎರಡನೆಯದು ಅಸಿಂಕ್ರೊನಸ್. ಕನ್ನಡದಲ್ಲಿ ಸರಳವಾಗಿ "ಕಾದು ನಿಂತು ಕೇಳುವುದು" ಮತ್ತು "ಕೇಳಿ ಮುಂದೆ ಸಾಗುವುದು" ಎನ್ನಬಹುದು.

ಪುಟದಲ್ಲಿ ಇದು ಏಕೆ ಮುಖ್ಯವೆಂದರೆ ಜಾವಾಸ್ಕ್ರಿಪ್ಟ್ ಒಂದು ಪುಟದಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ಅದು ಉತ್ತರಕ್ಕಾಗಿ ಕಾದು ನಿಂತರೆ ಗುಂಡಿ ಒತ್ತಿದರೂ ಕದಲದು, ಟೈಪ್ ಮಾಡಿದರೂ ಅಕ್ಷರ ಮೂಡದು. ಪುಟ ಹೆಪ್ಪುಗಟ್ಟಿದಂತೆ ಆಗುತ್ತದೆ.

ಒಂದು ಲೆಕ್ಕ ಮಾಡೋಣ. ಬೆಂಗಳೂರಿಗೂ ದುಬೈಗೂ ನೇರ ಅಂತರ ಸುಮಾರು 2,700 ಕಿಲೋಮೀಟರ್. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿ ಬರಲು ಕನಿಷ್ಠ 27 ಮಿಲಿಸೆಕೆಂಡ್ ಬೇಕು. ನಿಜದಲ್ಲಿ ಕೇಬಲ್ ಸುತ್ತುಬಳಸಿ ಬರುತ್ತದೆ, ಸರ್ವರ್‌ಗೂ ಯೋಚಿಸಲು ಸಮಯ ಬೇಕು, ಆದ್ದರಿಂದ ಇನ್ನೂ ಹೆಚ್ಚಾಗುತ್ತದೆ. 27 ಮಿಲಿಸೆಕೆಂಡ್ ನಮಗೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಆದರೆ ಸೆಕೆಂಡಿಗೆ 200 ಕೋಟಿ ಬಾರಿ ಮಿಡಿಯುವ ಪ್ರೊಸೆಸರ್‌ಗೆ ಅದು 5 ಕೋಟಿ 40 ಲಕ್ಷ ಮಿಡಿತಗಳ ಕಾಲ. ಅಷ್ಟು ಹೊತ್ತು ಸುಮ್ಮನೆ ಕಾಯಿಸುವುದು ಅನ್ಯಾಯವಲ್ಲವೇ?

3. ಹೆಸರು ಬಂದ ಬಗೆ

1999ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ, ಪುಟವನ್ನು ಬದಲಿಸದೆ ಸರ್ವರ್ ಜೊತೆ ಮಾತಾಡುವ ಸೌಲಭ್ಯವನ್ನು ಸೇರಿಸಿತು. ಅದರ ಔಟ್‌ಲುಕ್ ಇ-ಮೇಲ್ ಅನ್ನು ವೆಬ್ ಪುಟದಲ್ಲೇ ಓದುವಂತೆ ಮಾಡಲು ಇದು ಬೇಕಾಗಿತ್ತು. ಬೇರೆ ಬ್ರೌಸರ್‌ಗಳೂ ಇದನ್ನು ಅಳವಡಿಸಿಕೊಂಡವು. ಇದರ ಹೆಸರು ಎಕ್ಸ್‌ಎಂಎಲ್ ಎಚ್‌ಟಿಟಿಪಿ ರಿಕ್ವೆಸ್ಟ್. 2004ರ ಏಪ್ರಿಲ್ 1ರಂದು ಜಿಮೇಲ್, 2005ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ ಜನಸಾಮಾನ್ಯರು ಇದರ ಶಕ್ತಿಯನ್ನು ಕಂಡರು. ಅದೇ 2005ರ ಫೆಬ್ರವರಿ 18ರಂದು ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಒಂದು ಲೇಖನದಲ್ಲಿ ಈ ವಿಧಾನಕ್ಕೆ ಏಜಾಕ್ಸ್ ಎಂದು ಹೆಸರಿಟ್ಟರು. ಅಸಿಂಕ್ರೊನಸ್ ಜಾವಾಸ್ಕ್ರಿಪ್ಟ್ ಅಂಡ್ ಎಕ್ಸ್‌ಎಂಎಲ್ ಎಂಬುದರ ಸಂಕ್ಷಿಪ್ತ ರೂಪ ಅದು. ಇಂದು ಉತ್ತರಗಳು ಹೆಚ್ಚಾಗಿ ಎಕ್ಸ್‌ಎಂಎಲ್‌ನಲ್ಲಿ ಅಲ್ಲ, ಜೇಸನ್ ಎಂಬ ಹಗುರವಾದ ರೂಪದಲ್ಲಿ ಬರುತ್ತವೆ. ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಆಗ ಒಂದು ತೊಡಕಿತ್ತು. ಒಂದೊಂದು ಬ್ರೌಸರ್‌ಗೆ ಒಂದೊಂದು ರೀತಿಯಲ್ಲಿ ಬರೆಯಬೇಕಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಬರೆದ ಸಾಲು ಫೈರ್‌ಫಾಕ್ಸ್‌ನಲ್ಲಿ ನಡೆಯುತ್ತಿರಲಿಲ್ಲ. 2006ರಲ್ಲಿ ಜಾನ್ ರೆಸಿಗ್ ಅವರು ಜೆಕ್ವೆರಿ ಎಂಬ ಲೈಬ್ರರಿಯನ್ನು ಹೊರತಂದರು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕಾಲಯವಲ್ಲ, ಬೇರೆಯವರು ಬರೆದು ಪರೀಕ್ಷಿಸಿಟ್ಟ ಸಿದ್ಧ ಸಾಲುಗಳ ಕಟ್ಟು. ಅದನ್ನು ನಮ್ಮ ಪುಟಕ್ಕೆ ಸೇರಿಸಿಕೊಂಡರೆ ಬ್ರೌಸರ್‌ಗಳ ಭೇದವನ್ನು ಅದೇ ನೋಡಿಕೊಳ್ಳುತ್ತದೆ. ನಾವು ಒಂದೇ ರೀತಿ ಬರೆದರೆ ಸಾಕು.

4. ಕೋರಿಕೆಯ ಅಂಗಗಳು

ಒಂದು ಪುಟ್ಟ ಕನ್ನಡ ಪದಕೋಶದ ಪುಟ ಮಾಡುತ್ತಿದ್ದೇವೆ ಎಂದುಕೊಳ್ಳೋಣ. ಮೇಲೆ ಒಂದು ಪೆಟ್ಟಿಗೆ, ಕೆಳಗೆ ಅರ್ಥ ತೋರಿಸುವ ಜಾಗ. ಪೆಟ್ಟಿಗೆಯಲ್ಲಿ ಪದ ಬರೆದರೆ ಅರ್ಥ ಸರ್ವರ್‌ನಿಂದ ಬರಬೇಕು.

ಜೆಕ್ವೆರಿಯ ಪ್ರತಿಯೊಂದು ಆಜ್ಞೆಯೂ ಡಾಲರ್ ಚಿಹ್ನೆಯಿಂದ ಆರಂಭವಾಗಬಹುದು. ಡಾಲರ್, ಅದರ ಮುಂದೆ ಒಂದು ಚುಕ್ಕಿ, ನಂತರ ಏಜಾಕ್ಸ್ ಎಂಬ ಪದ, ಆವರಣದೊಳಗೆ ಕೋರಿಕೆಯ ವಿವರ. ಇಷ್ಟೇ. ಲಕೋಟೆಯ ಮೇಲೆ ವಿಳಾಸ ಬರೆದಂತೆ ಈ ವಿವರಗಳನ್ನು ತುಂಬುತ್ತೇವೆ:

– ಯೂಆರ್‌ಎಲ್: ಕೋರಿಕೆ ಹೋಗಬೇಕಾದ ವಿಳಾಸ.
– ಮೆಥಡ್: ಕೇವಲ ತಿಳಿದುಕೊಳ್ಳುವುದಾದರೆ ಗೆಟ್, ಏನನ್ನಾದರೂ ಸೇರಿಸುವುದು ಅಥವಾ ಬದಲಿಸುವುದಾದರೆ ಸಾಮಾನ್ಯವಾಗಿ ಪೋಸ್ಟ್.
– ಡೇಟಾ: ಜೊತೆಗೆ ಕಳಿಸುವ ಮಾಹಿತಿ. ನಮ್ಮ ಉದಾಹರಣೆಯಲ್ಲಿ ಬಳಕೆದಾರರು ಬರೆದ ಪದ.
– ಡೇಟಾಟೈಪ್: ಉತ್ತರ ಯಾವ ರೂಪದಲ್ಲಿ ಬರಬೇಕು. ಇಲ್ಲಿ ಜೇಸನ್.
– ಟೈಮ್‌ಔಟ್: ಎಷ್ಟು ಮಿಲಿಸೆಕೆಂಡ್ ಕಾಯಬೇಕು. 10000 ಎಂದರೆ 10 ಸೆಕೆಂಡ್.

ಇದರ ಹಿಂದೆಯೇ ಮೂರು ಸೂಚನೆಗಳನ್ನು ಜೋಡಿಸುತ್ತೇವೆ. ಉತ್ತರ ಸರಿಯಾಗಿ ಬಂದರೆ ಮಾಡಬೇಕಾದ್ದು ಡನ್‌ನಲ್ಲಿ, ಬಾರದಿದ್ದರೆ ಅಥವಾ ತಪ್ಪಾಗಿದ್ದರೆ ಮಾಡಬೇಕಾದ್ದು ಫೇಲ್‌ನಲ್ಲಿ, ಎರಡರಲ್ಲಿ ಯಾವುದಾದರೂ ಕೊನೆಗೆ ಮಾಡಲೇಬೇಕಾದ್ದು ಆಲ್ವೇಸ್‌ನಲ್ಲಿ. ತಿರುಗುವ ಚಕ್ರವನ್ನು ನಿಲ್ಲಿಸುವುದು ಆಲ್ವೇಸ್‌ನ ಕೆಲಸ. ಹೀಗೆ ಮುಂದೆ ಬಳಸಲೆಂದು ಕೊಟ್ಟಿಡುವ ಸೂಚನೆಗೆ ಕಾಲ್‌ಬ್ಯಾಕ್ ಎನ್ನುತ್ತಾರೆ.

ಕನ್ನಡ ಪದ ಕಳಿಸುವಾಗ ಒಂದು ಸ್ವಾರಸ್ಯವಿದೆ. "ನೀರು" ಎಂಬ ಪದ ಯೂನಿಕೋಡ್‌ನಲ್ಲಿ ನಾಲ್ಕು ಸಂಕೇತಗಳು: ನ, ದೀರ್ಘ ಈ ಕಾರದ ಗುರುತು, ರ, ಉ ಕಾರದ ಗುರುತು. ಯೂಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್, ಒಟ್ಟು 12 ಬೈಟ್. ಗೆಟ್ ಕೋರಿಕೆಯ ವಿಳಾಸದಲ್ಲಿ ಒಂದೊಂದು ಬೈಟ್ ಕೂಡ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಹೋಗುವುದರಿಂದ ನಮ್ಮ "ನೀರು" 36 ಅಕ್ಷರಗಳಷ್ಟು ಉದ್ದವಾಗುತ್ತದೆ. ಈ ಪರಿವರ್ತನೆಯನ್ನು ಜೆಕ್ವೆರಿ ತಾನೇ ಮಾಡುತ್ತದೆ. ಸರ್ವರ್ ಕೂಡ ಯೂಟಿಎಫ್-8 ಎಂದೇ ಓದಿಕೊಳ್ಳಬೇಕು, ಇಲ್ಲವಾದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ.

ಹೊಸಬರು ಇಲ್ಲಿ ಒಂದು ವಿಷಯ ಗಮನಿಸಬೇಕು. ಪುಟದಲ್ಲಿ ಮೂರು ಸಾಲುಗಳಿವೆ ಎಂದುಕೊಳ್ಳಿ. ಮೊದಲ ಸಾಲು ಕೋರಿಕೆ ಕಳಿಸುತ್ತದೆ, ಎರಡನೆಯದು ಡನ್‌ನೊಳಗಿದ್ದು ಉತ್ತರವನ್ನು ಒಂದು ಡಬ್ಬಿಗೆ ತುಂಬುತ್ತದೆ, ಮೂರನೆಯದು ಆ ಡಬ್ಬಿಯಲ್ಲಿರುವುದನ್ನು ತೋರಿಸುತ್ತದೆ. ಮೇಲಿನಿಂದ ಕೆಳಗೆ ಓದಿದರೆ ಸರಿಯೆನಿಸುತ್ತದೆ. ಆದರೆ ನಡೆಯುವ ಕ್ರಮ ಒಂದು, ಮೂರು, ಎರಡು. ಮೂರನೆಯ ಸಾಲು ನೋಡುವಾಗ ಡಬ್ಬಿ ಖಾಲಿ. ಪತ್ರ ಅಂಚೆಗೆ ಹಾಕಿದ ಕ್ಷಣವೇ ಉತ್ತರ ಓದಲು ಕುಳಿತಂತೆ! ಉತ್ತರವನ್ನು ಬಳಸುವ ಕೆಲಸವೆಲ್ಲ ಡನ್‌ನ ಒಳಗೇ ಇರಬೇಕು.

5. ಹಿಂದೆ ಕೇಳಿದ್ದು ಮುಂದೆ ಬಂದರೆ

ಬಳಕೆದಾರರು "ಮರಳು" ಎಂದು ಬರೆಯುತ್ತಿದ್ದಾರೆ. ಪ್ರತಿ ಕೀಲಿಗೂ ಒಂದು ಕೋರಿಕೆ ಹೋಗುವಂತೆ ಮಾಡಿದ್ದರೆ ಮ, ಮರ, ಮರಳ, ಮರಳು ಎಂದು ನಾಲ್ಕು ಕೋರಿಕೆಗಳು ಹೊರಡುತ್ತವೆ. ಹೊರಟ ಕ್ರಮದಲ್ಲೇ ಉತ್ತರ ಬರಬೇಕೆಂಬ ನಿಯಮವಿಲ್ಲ. "ಮರಳು" ಪದದ ಉತ್ತರ ಬೇಗ ಬಂದು, "ಮರ" ಪದದ್ದು ತಡವಾಗಿ ಬಂದರೆ ಏನಾಗುತ್ತದೆ? ಪೆಟ್ಟಿಗೆಯಲ್ಲಿ "ಮರಳು" ಎಂದಿದೆ, ಕೆಳಗೆ "ವೃಕ್ಷ" ಎಂಬ ಅರ್ಥ ಕುಳಿತಿದೆ! ಪದಕೋಶವನ್ನು ನಂಬಿ ಕಲಿಯುವ ಮಗು ಮರಳೆಂದರೆ ವೃಕ್ಷ ಎಂದು ಬರೆದುಕೊಂಡೀತು. ಊರಿನಿಂದ ಬರುತ್ತಿದ್ದ ಪತ್ರಗಳಲ್ಲೂ ಹೀಗೆ ಹಿಂದುಮುಂದಾಗುತ್ತಿತ್ತು. ಅದಕ್ಕೇ ಪತ್ರದ ಮೇಲ್ಭಾಗದಲ್ಲಿ ದಿನಾಂಕ ಬರೆಯುವ ರೂಢಿ.

ನಾವೂ ಅದನ್ನೇ ಮಾಡಬೇಕು. ಪ್ರತಿ ಕೋರಿಕೆಗೆ ಒಂದು ಕ್ರಮಸಂಖ್ಯೆ ಕೊಡೋಣ. ಉತ್ತರ ಬಂದಾಗ ಅದು ಕೊನೆಯ ಕೋರಿಕೆಯದೇ ಎಂದು ನೋಡಿ, ಅಲ್ಲವಾದರೆ ಬಿಟ್ಟುಬಿಡೋಣ. ಜೊತೆಗೆ ಕೀಲಿ ಒತ್ತಿದ ಕೂಡಲೇ ಕೋರಿಕೆ ಕಳಿಸದೆ 300 ಮಿಲಿಸೆಕೆಂಡ್ ಕಾದು, ಅಷ್ಟರಲ್ಲಿ ಮತ್ತೊಂದು ಕೀಲಿ ಒತ್ತದಿದ್ದರೆ ಮಾತ್ರ ಕಳಿಸಿದರೆ ಸರ್ವರ್ ಮೇಲಿನ ಹೊರೆಯೂ ಇಳಿಯುತ್ತದೆ.

6. ಉತ್ತರವೇ ಬಾರದಿದ್ದರೆ

ಈಗ ಪಾಠದ ಮುಖ್ಯ ಭಾಗಕ್ಕೆ ಬಂದೆವು. ಶುಲ್ಕ ಕಟ್ಟುವ ಪುಟದಲ್ಲಿ "ಪಾವತಿಸಿ" ಎಂಬ ಗುಂಡಿ ಒತ್ತಿದ್ದೇವೆ. ಚಕ್ರ ತಿರುಗುತ್ತಿದೆ. ಹತ್ತು ಸೆಕೆಂಡ್ ಆಯಿತು, ಟೈಮ್‌ಔಟ್ ಆಗಿ ಫೇಲ್ ನಡೆಯಿತು. ಹಣ ಹೋಗಿದೆಯೇ, ಇಲ್ಲವೇ?

ಮೂರು ಸಾಧ್ಯತೆಗಳಿವೆ. ಕೋರಿಕೆ ದಾರಿಯಲ್ಲೇ ಕಳೆದುಹೋಗಿರಬಹುದು. ಸರ್ವರ್ ಕೆಲಸ ಮಾಡುವಾಗ ನಡುವೆ ನಿಂತಿರಬಹುದು. ಅಥವಾ ಕೆಲಸ ಪೂರ್ತಿಯಾಗಿ, ಉತ್ತರ ಮಾತ್ರ ಹಿಂದಿರುಗುವ ದಾರಿಯಲ್ಲಿ ಕಳೆದಿರಬಹುದು. ಪುಟದಲ್ಲಿ ಕುಳಿತ ನಮಗೆ ಮೂರೂ ಒಂದೇ ರೀತಿಯ ಮೌನ. ಆದ್ದರಿಂದ ಈ ಮಾತನ್ನು ನೆನಪಿಡಿ: ಉತ್ತರ ಬಂದಿಲ್ಲ ಎಂದರೆ ಕೆಲಸ ಆಗಿಲ್ಲ ಎಂದರ್ಥವಲ್ಲ.

ಹಿಂದೆ ಕೊಲ್ಲಿಯಿಂದ ಮನೆಗೆ ಡಿಮಾಂಡ್ ಡ್ರಾಫ್ಟ್ ಅನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ತಿಂಗಳಾದರೂ "ತಲುಪಿತು" ಎಂಬ ಪತ್ರ ಬಾರದಿದ್ದರೆ ಮತ್ತೊಂದು ಡ್ರಾಫ್ಟ್ ಮಾಡಿಸಿ ಕಳಿಸುತ್ತಿದ್ದರೇ? ಇಲ್ಲ. ಮೊದಲು ಡ್ರಾಫ್ಟ್ ಸಂಖ್ಯೆ ಬರೆದು "ಇದು ಬಂತೇ" ಎಂದು ವಿಚಾರಿಸುತ್ತಿದ್ದರು. ಒಂದು ಸಂಖ್ಯೆಯ ಡ್ರಾಫ್ಟ್‌ಗೆ ಬ್ಯಾಂಕು ಒಂದೇ ಸಲ ಹಣ ಕೊಡುತ್ತದೆ. ಆ ಸಂಖ್ಯೆಯೇ ರಕ್ಷಣೆ.

ಒಳ್ಳೆಯ ಪುಟ ಬರೆಯುವವರು ಇದೇ ನಾಲ್ಕು ಕ್ರಮಗಳನ್ನು ಅನುಸರಿಸುತ್ತಾರೆ:

ಒಂದು, ಗುಂಡಿ ಒತ್ತಿದ ಕೂಡಲೇ ಅದನ್ನು ನಿಷ್ಕ್ರಿಯಗೊಳಿಸಿ ಎರಡನೆಯ ಒತ್ತುವಿಕೆಯನ್ನು ತಡೆಯುವುದು.

ಎರಡು, ಪ್ರತಿ ಪಾವತಿಗೂ ಮೊದಲೇ ಒಂದು ವಿಶಿಷ್ಟ ಸಂಖ್ಯೆ ಹುಟ್ಟಿಸಿ ಕೋರಿಕೆಯ ಜೊತೆ ಕಳಿಸುವುದು. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ಹಣ ಕಡಿಯದೆ ಹಳೆಯ ಉತ್ತರವನ್ನೇ ಮತ್ತೆ ಕೊಡಬೇಕು. ಗುಂಡಿಯನ್ನು ತಡೆಯುವುದೊಂದೇ ಸಾಲದು, ಏಕೆಂದರೆ ಬಳಕೆದಾರರು ಪುಟವನ್ನೇ ಮತ್ತೆ ತೆರೆಯಬಹುದು.

ಮೂರು, ಟೈಮ್‌ಔಟ್ ಆದಾಗ "ಪಾವತಿ ವಿಫಲ" ಎಂದು ಸುಳ್ಳು ಹೇಳದೆ "ಉತ್ತರ ಬಂದಿಲ್ಲ, ಪರಿಶೀಲಿಸುತ್ತಿದ್ದೇವೆ" ಎಂದು ತಿಳಿಸಿ, ಗೆಟ್ ಕೋರಿಕೆಯಿಂದ ಆ ಸಂಖ್ಯೆಯ ಸ್ಥಿತಿ ಕೇಳುವುದು. ಗೆಟ್ ಏನನ್ನೂ ಬದಲಿಸಬಾರದು ಎಂಬ ನಿಯಮ ಇರುವುದರಿಂದ ಅದನ್ನು ಎಷ್ಟು ಸಲ ಕೇಳಿದರೂ ಹಾನಿಯಿಲ್ಲ.

ನಾಲ್ಕು, "ಆಯಿತು" ಎಂಬ ಸಂದೇಶವನ್ನು ಡನ್‌ನ ಒಳಗೆ ಮಾತ್ರ ಇಡುವುದು. ಮನೆಪಾಠ ಕಳಿಸುವ ಪುಟವೊಂದು ಉತ್ತರಕ್ಕೆ ಮೊದಲೇ "ಸಲ್ಲಿಸಲಾಗಿದೆ" ಎಂದರೆ, ಅದನ್ನು ನಂಬಿ ಕಂಪ್ಯೂಟರ್ ಮುಚ್ಚಿದ ವಿದ್ಯಾರ್ಥಿಗೆ ಮರುದಿನ ತನ್ನ ಪ್ರಾಮಾಣಿಕತೆಯನ್ನು ಸಾಬೀತುಪಡಿಸುವ ಕಷ್ಟ ಬರುತ್ತದೆ.

ಪೋಷಕರಿಗೆ ಒಂದು ಮಾತು. ಎಲ್ಲ ಪುಟಗಳೂ ಇಷ್ಟು ಎಚ್ಚರದಿಂದ ಬರೆದವಲ್ಲ. ಹಣ ಕಟ್ಟುವಾಗ ಚಕ್ರ ತಿರುಗುತ್ತಲೇ ಇದ್ದರೆ ಮತ್ತೆ ಮತ್ತೆ ಒತ್ತಬೇಡಿ. ಮೊದಲು ಬ್ಯಾಂಕಿನ ಸಂದೇಶ ಮತ್ತು ಖಾತೆಯ ವಿವರ ನೋಡಿ, ರಸೀದಿ ಬಂದಿದೆಯೇ ಪರೀಕ್ಷಿಸಿ, ವ್ಯವಹಾರ ಸಂಖ್ಯೆ ಬರೆದಿಟ್ಟುಕೊಂಡು ವಿಚಾರಿಸಿ. ಆ ನಂತರವೇ ಮತ್ತೊಮ್ಮೆ ಪ್ರಯತ್ನಿಸಿ.

7. ಇನ್ನೆರಡು ಎಚ್ಚರಿಕೆಗಳು

ಬ್ರೌಸರ್ ಸಾಮಾನ್ಯವಾಗಿ ಒಂದು ತಾಣದ ಪುಟಕ್ಕೆ ಇನ್ನೊಂದು ತಾಣದ ಉತ್ತರವನ್ನು ಓದಲು ಬಿಡುವುದಿಲ್ಲ. ಆ ಇನ್ನೊಂದು ತಾಣವೇ ಅನುಮತಿ ಕೊಟ್ಟಿದ್ದರೆ ಮಾತ್ರ ಓದಬಹುದು. ಇದು ತೊಂದರೆಯಂತೆ ಕಂಡರೂ ಕಾವಲು. ಇಲ್ಲವಾದರೆ ಯಾವುದೋ ಆಟದ ಪುಟ ತೆರೆದಾಗ ಅದು ನಿಮ್ಮ ಇ-ಮೇಲ್ ಅನ್ನು ಹಿಂದಿನಿಂದ ಓದಬಹುದಿತ್ತು.

ಸರ್ವರ್‌ನಿಂದ ಬಂದ ಪದಗಳನ್ನು ಪುಟದಲ್ಲಿ ತೋರಿಸುವಾಗ ಜೆಕ್ವೆರಿಯ ಎಚ್‌ಟಿಎಂಎಲ್ ಎಂಬ ಆಜ್ಞೆಯ ಬದಲು ಟೆಕ್ಸ್ಟ್ ಎಂಬ ಆಜ್ಞೆ ಬಳಸಿ. ಮೊದಲನೆಯದು ಬಂದದ್ದನ್ನು ಪುಟದ ಭಾಗವಾಗಿಯೇ ಸೇರಿಸುವುದರಿಂದ ಯಾರಾದರೂ ಕಿಡಿಗೇಡಿ ಸಾಲು ಸೇರಿಸಿದ್ದರೆ ಅದೂ ನಡೆದುಬಿಡಬಹುದು. ಎರಡನೆಯದು ಎಲ್ಲವನ್ನೂ ಬರಿಯ ಅಕ್ಷರವೆಂದೇ ತೋರಿಸುತ್ತದೆ.

8. ಇಂದು ಜೆಕ್ವೆರಿ ಬೇಕೇ?

2015ರಿಂದ ಬ್ರೌಸರ್‌ಗಳೇ ಫೆಚ್ ಎಂಬ ಸುಲಭ ಸೌಲಭ್ಯವನ್ನು ಕೊಡತೊಡಗಿದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ವಿದಾಯ ಹೇಳಿತು. ಬ್ರೌಸರ್‌ಗಳ ಭೇದ ಬಹುಮಟ್ಟಿಗೆ ಅಳಿದಿರುವುದರಿಂದ ಹೊಸ ಪುಟಗಳನ್ನು ಜೆಕ್ವೆರಿ ಇಲ್ಲದೆಯೂ ಬರೆಯಬಹುದು. ಆದರೂ ಅಸಂಖ್ಯ ಪುಟಗಳು ಇಂದಿಗೂ ಅದರ ಮೇಲೆ ನಿಂತಿವೆ. ಕೆಲಸಕ್ಕೆ ಸೇರಿದ ಮೇಲೆ ಅಂಥ ಪುಟವನ್ನು ಸರಿಪಡಿಸುವ ಸರದಿ ನಿಮಗೂ ಬರಬಹುದು.

ಎರಡಕ್ಕೂ ಒಂದು ವ್ಯತ್ಯಾಸ ನೆನಪಿರಲಿ. 404 ಅಥವಾ 500 ಬಂದರೆ ಜೆಕ್ವೆರಿ ನೇರವಾಗಿ ಫೇಲ್‌ಗೆ ಹೋಗುತ್ತದೆ. ಫೆಚ್ ಮಾತ್ರ "ಉತ್ತರವಂತೂ ಬಂತಲ್ಲ" ಎಂದು ಅದನ್ನೂ ಯಶಸ್ಸಿನ ದಾರಿಗೇ ಕಳಿಸುತ್ತದೆ. ಸಂಕೇತ ಸರಿಯಿದೆಯೇ ಎಂದು ನಾವೇ ನೋಡಬೇಕು. ಸಾಧನ ಬದಲಾದರೂ ತಡವಾದ ಉತ್ತರ, ಹಿಂದುಮುಂದಾದ ಉತ್ತರ, ಬಾರದ ಉತ್ತರ ಎಂಬ ಮೂರು ಪ್ರಶ್ನೆಗಳು ಬದಲಾಗುವುದಿಲ್ಲ.

9. ಮಾಡಿ ನೋಡಿ

ಕಂಪ್ಯೂಟರ್‌ನಲ್ಲಿ ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೆದು ಎಫ್12 ಕೀಲಿ ಒತ್ತಿ, ನೆಟ್‌ವರ್ಕ್ ಎಂಬ ವಿಭಾಗಕ್ಕೆ ಹೋಗಿ. ಹುಡುಕು ಪೆಟ್ಟಿಗೆಯಲ್ಲಿ ನಿಧಾನವಾಗಿ ಒಂದು ಕನ್ನಡ ಪದ ಟೈಪ್ ಮಾಡಿ. ಕೋರಿಕೆಗಳು ಒಂದೊಂದಾಗಿ ಹೊರಡುವುದು, ಅವುಗಳ ಸಂಕೇತ, ತೆಗೆದುಕೊಂಡ ಸಮಯ ಎಲ್ಲವೂ ಕಾಣುತ್ತದೆ. ಅದೇ ವಿಭಾಗದಲ್ಲಿ ಸಂಪರ್ಕವನ್ನು ಬೇಕೆಂದೇ ನಿಧಾನಗೊಳಿಸುವ ಮತ್ತು ಆಫ್‌ಲೈನ್ ಮಾಡುವ ಆಯ್ಕೆಗಳಿವೆ. ನೀವು ಬರೆದ ಪುಟವನ್ನು ಆ ಎರಡು ಸ್ಥಿತಿಯಲ್ಲೂ ಪರೀಕ್ಷಿಸಿ. ವೇಗದ ಸಂಪರ್ಕದಲ್ಲಿ ಮಾತ್ರ ಸರಿಯಾಗಿ ನಡೆಯುವ ಪುಟ ಅರ್ಧ ಮುಗಿದ ಪುಟ.

ಅಭ್ಯಾಸ

1. "ಮಾವು" ಎಂಬ ಪದ ಯೂನಿಕೋಡ್‌ನಲ್ಲಿ ಎಷ್ಟು ಸಂಕೇತ? ಯೂಟಿಎಫ್-8ರಲ್ಲಿ ಎಷ್ಟು ಬೈಟ್?
2. ತಿರುಗುವ ಚಕ್ರವನ್ನು ನಿಲ್ಲಿಸುವ ಸಾಲನ್ನು ಡನ್‌ನಲ್ಲಿ ಮಾತ್ರ ಇಟ್ಟರೆ ಯಾವಾಗ ತೊಂದರೆಯಾಗುತ್ತದೆ?
3. ಕಡತ ಅಳಿಸುವ ಕೆಲಸಕ್ಕೆ ಗೆಟ್ ಏಕೆ ಬಳಸಬಾರದು?
4. ಶಾಲಾ ಗ್ರಂಥಾಲಯದಲ್ಲಿ ಒಂದೇ ಪ್ರತಿ ಉಳಿದಿರುವ ಪುಸ್ತಕವನ್ನು ಇಬ್ಬರು ಒಂದೇ ಕ್ಷಣದಲ್ಲಿ ಕಾದಿರಿಸಲು ಒತ್ತಿದ್ದಾರೆ. ಯಾರಿಗೆ ಕೊಡಬೇಕೆಂದು ನಿರ್ಧರಿಸುವುದು ಪುಟವೇ, ಸರ್ವರ್ ಆಗಬೇಕೇ? ಕಾರಣ ಕೊಡಿ.
5. ಪಾವತಿಯ ಉತ್ತರ ಬಾರದಿದ್ದಾಗ ನಿಮ್ಮ ಪುಟ ತೋರಿಸಬೇಕಾದ ಸಂದೇಶವನ್ನು ಎರಡು ವಾಕ್ಯಗಳಲ್ಲಿ, ನಿಮ್ಮ ಅಜ್ಜಿಗೂ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ.

ಐದನೆಯ ಪ್ರಶ್ನೆಯನ್ನು ಮನೆಯವರೆಲ್ಲ ಕೂತು ಬಿಡಿಸಿದರೆ ನಮಗೆ ಸಂತೋಷ. ಮುಂದೆ ನೀವು ಬರೆಯುವ ಪುಟದ ಇನ್ನೊಂದು ತುದಿಯಲ್ಲಿ ಅಂಥವರೇ ಕುಳಿತು ಉತ್ತರಕ್ಕೆ ಕಾಯುತ್ತಿರುತ್ತಾರೆ.